ತೈವಾನಿನ ಸೈನಿಕ ಕುಟುಂಬಗಳ ಹಳ್ಳಿಗಳು ಈಗ ಉಳಿದಿವೆಯಾ?

ಕೆಲವು ಮಾತ್ರ ಉಳಿದಿವೆ. ಇವನ್ನು ಅಲ್ಲಿ ಜುವಾನ್‌ಚುನ್ ಅಂತಾರೆ. 1949ರ ಹೊತ್ತಿಗೆ ಚೀನಾದ ಅಂತರ್ಯುದ್ಧದಲ್ಲಿ ಸೋತ ಸೈನ್ಯ ತೈವಾನಿಗೆ ಬಂದಾಗ, ಸೈನಿಕರ ಸಂಸಾರಗಳಿಗೆ ಕಟ್ಟಿದ ಮನೆಗಳು. ಬೇಗ ಊರಿಗೆ ವಾಪಸ್ ಹೋಗುತ್ತೇವೆ ಅನ್ನೋ ನಂಬಿಕೆ ಇತ್ತು, ಹಾಗಾಗಿ ಗಟ್ಟಿಯಾಗಿ ಕಟ್ಟಲಿಲ್ಲ. ಆದರೆ ಮೊಮ್ಮಕ್ಕಳೂ ಅಲ್ಲೇ ಬೆಳೆದರು. ಹಳೆಯ ಹಳ್ಳಿಗಳನ್ನು ಹೊಸದಾಗಿ ಕಟ್ಟಿಸೋ 1996ರ ಕಾನೂನಿನ ನಂತರ ಹೆಚ್ಚಿನವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು.

ತೈಪೆಯ ಸಿಸಿನಾನ್ ಉಳಿಯಿತು ಅನ್ನೋದೇ ನನಗೆ ದೊಡ್ಡ ಸಮಾಧಾನ. ಚೀನಾದ ಚಿಂಗ್‌ಡಾವ್ ನಗರದಿಂದ ಬಂದ 44ನೇ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರ ಹಳ್ಳಿ ಅದು. ನಾಲ್ಕು ಸಾಲು ಮನೆ ಮಾತ್ರ ಉಳಿಸಿ, ಒಂದರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ತಗ್ಗು ಸೂರು, ಪುಟ್ಟ ಬಾಗಿಲು, ಹಿಂದೆಯೇ ಮುಗಿಲೆತ್ತರದ ತೈಪೆ 101. ತೈಚುಂಗ್‌ನ ಇನ್ನೊಂದು ಹಳ್ಳಿಯನ್ನು ಉಳಿಸಿದ್ದು ಹುವಾಂಗ್ ಯುಂಗ್-ಫು ಅನ್ನೋ ಮಾಜಿ ಸೈನಿಕರ ಕುಂಚ. ಇಳಿವಯಸ್ಸಿನಲ್ಲಿ ಗೋಡೆ, ನೆಲದ ತುಂಬಾ ಹಕ್ಕಿ, ಪ್ರಾಣಿ, ಮನುಷ್ಯರನ್ನು ಬರೆದರು.