ಲ್ಯಾಮಿನೇಟೆಡ್ ಮರದ ಹಲಗೆ ಮಹಡಿಗೂ ಛಾವಣಿಗೂ ಆಗುತ್ತಾ? ಎಷ್ಟು ದಪ್ಪ ಬೇಕು?

ಆಗುತ್ತೆ, ಚಿಕ್ಕಬಳ್ಳಾಪುರದ ಹವೆಗೆ ಚೆನ್ನಾಗಿಯೇ ಹೊಂದುತ್ತೆ. ನೀವು ಕೇಳಿರುವುದು ಇಷ್ಟು: ತೋಟದ ಮನೆಯ ಹಾಲ್ ಮೇಲೆ ಸ್ಟೀಲ್ ಐ ಬೀಮ್ ಹಾಕಿ, ಅದರ ಮೇಲೆ ಲ್ಯಾಮಿನೇಟೆಡ್ ಹಲಗೆ ಕೂರಿಸಿ ಮಹಡಿ ಮಾಡಬೇಕು, ಇಳಿಜಾರು ಛಾವಣಿಗೂ ಅದೇ ಹಲಗೆ ಹಾಕಿ ಮೇಲೆ ಹೆಂಚು ಹೊದಿಸಬೇಕು. ಎಷ್ಟು ದಪ್ಪ ತಗೋಬೇಕು, ಮಳೆಗೆ ತಡೆಯುತ್ತಾ, ತೋಟದಲ್ಲೇ ಇರುವ ನೀಲಗಿರಿ ಕೊಯ್ಸಿದರೆ ಆಗುತ್ತಾ ಅಂತ. ನಾನು ತುಮಕೂರಿನಲ್ಲಿ ಸೈಟ್ ಇಂಜಿನಿಯರ್. ಮರದ ಮಹಡಿ, ಅಟ್ಟ, ಹೆಂಚಿನ ಛಾವಣಿ ಕೆಲಸ ಮಾಡಿಸುತ್ತೇನೆ. ನನ್ನ ಮಾತು ಒಂದೇ. ಹಲಗೆಯ ದಪ್ಪವನ್ನು ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಬೇಡಿ. ಬೀಮ್‌ಗಳ ಅಂತರವನ್ನೂ ಹಲಗೆಯ ದಪ್ಪವನ್ನೂ ಒಟ್ಟಿಗೆ, ಸ್ಟೀಲ್ ಕತ್ತರಿಸುವ ಮೊದಲೇ, ಲೆಕ್ಕ ಹಾಕಿ ಕಾಗದದ ಮೇಲೆ ಬರೆಸಿಕೊಳ್ಳಿ.

ಅಂಗಡಿಗೆ ಹೋದರೆ 8 ಎಂಎಂ, 12 ಎಂಎಂ ಎಚ್‌ಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ತೋರಿಸುತ್ತಾರೆ, ಮೇಲೆ ಮರದ ಚಿತ್ರ ಇರುತ್ತಲ್ಲ, ಅದು. ಅದನ್ನು ಕಾಂಕ್ರೀಟ್ ನೆಲದ ಮೇಲೆ ಹಾಸುತ್ತಾರೆ ಅಷ್ಟೇ, ಭಾರ ಹೊರುವುದಿಲ್ಲ. ನಿಮಗೆ ಬೇಕಾದದ್ದು ನಿಜವಾದ ಮರದ ಮೂರು ಹಲಗೆಗಳನ್ನು ಒಂದರ ಮೇಲೊಂದು ಗಮ್ ಹಾಕಿ ಒತ್ತಿದ ಡೆಕ್ಕಿಂಗ್. ನಡುವಿನ ಹಲಗೆ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತೆ. ಹಾಗಾಗಿ ಒಂದು ಅಂಚಿನಲ್ಲಿ ನಾಲಗೆ, ಇನ್ನೊಂದು ಅಂಚಿನಲ್ಲಿ ಗಾಡಿ, ಅಂದರೆ ನಾಲಗೆ ಕೂರುವ ಉದ್ದ ತೋಡು, ತಾನಾಗಿಯೇ ಸಿಗುತ್ತೆ, ಅದನ್ನೇ ಟಂಗ್ ಅಂಡ್ ಗ್ರೂವ್ ಅನ್ನುತ್ತಾರೆ. ಒಂದೇ ದಪ್ಪ ಹಲಗೆಗಿಂತ ಇದು ಕಡಿಮೆ ತಿರುಚುತ್ತೆ, ಒಂದು ಗಂಟು ಪೂರ್ತಿ ದಪ್ಪಕ್ಕೆ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ, ಹೆಚ್ಚಿನ ಜನ ಬಿಟ್ಟುಬಿಡುವುದು ಇದನ್ನೇ. ವಾಸದ ಕೋಣೆಗೆ ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಭಾರ ಹಿಡಿಯಬೇಕು. ಹಲಗೆಯ ತೂಕ, ಮೇಲಿನ ಫಿನಿಶ್ ಎಲ್ಲಾ ಸೇರಿ ಇನ್ನೊಂದು 50 ಕೆಜಿ ಇಟ್ಟುಕೊಳ್ಳಿ. ಮರದ ಇ ವ್ಯಾಲ್ಯೂ (ಬಾಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತೆ ಅನ್ನುವ ಅಂಕಿ) 8000 ಮೆಗಾಪ್ಯಾಸ್ಕಲ್, ಹಲಗೆಯ ದಪ್ಪ 40 ಎಂಎಂ ಅಂದುಕೊಳ್ಳೋಣ. ಬೀಮ್‌ಗಳು 4 ಅಡಿಗೊಂದು ಇದ್ದರೆ ಹಲಗೆ ನಡುವೆ ಜಗ್ಗುವುದು ಸುಮಾರು 1.7 ಎಂಎಂ ಮಾತ್ರ. ಅದೇ ಹಲಗೆಯನ್ನು 6 ಅಡಿ ಅಂತರಕ್ಕೆ ಹಾಕಿದರೆ ಸುಮಾರು 8.5 ಎಂಎಂ ಜಗ್ಗುತ್ತೆ. ಮಹಡಿ ನೆಲಕ್ಕೆ ಸಾಮಾನ್ಯವಾಗಿ ಅಂತರದ 360ನೇ ಒಂದು ಭಾಗದಷ್ಟು ಮಾತ್ರ ಜಗ್ಗಬಹುದು ಅಂತ ಇಟ್ಟುಕೊಳ್ಳುತ್ತಾರೆ. ಆ ಪ್ರಕಾರ 6 ಅಡಿಗೆ 5 ಎಂಎಂ ಮಿತಿ. ಅಂದರೆ ಅಂತರ ಒಂದೂವರೆ ಪಟ್ಟು ಆದರೆ ಜಗ್ಗುವುದು ಐದು ಪಟ್ಟು ಆಯಿತು. ಹಲಗೆ ಮುರಿಯುವುದಿಲ್ಲ, ಆದರೆ ಓಡಾಡಿದರೆ ನೆಲ ತೂಗುತ್ತೆ, ಕಪಾಟಿನಲ್ಲಿ ಪಾತ್ರೆ ಗಲಗಲ ಅನ್ನುತ್ತೆ. ಜೊತೆಗೆ ಮರ ಸದಾ ಇರುವ ಭಾರಕ್ಕೆ ವರ್ಷಗಟ್ಟಲೆ ನಿಧಾನವಾಗಿ ಇನ್ನಷ್ಟು ಬಾಗುತ್ತೆ. ಆದ್ದರಿಂದ ಮಿತಿಯ ಅಂಚಿಗೆ ತಂದು ನಿಲ್ಲಿಸಬೇಡಿ.

ದಪ್ಪ ಹೆಚ್ಚಿಸದೆ ಇದನ್ನು ಹತೋಟಿಗೆ ತರಲು ಒಂದು ದಾರಿ ಇದೆ. ಒಂದು ಬೀಮಿನಿಂದ ಪಕ್ಕದ ಬೀಮಿಗೆ ಮುಗಿಯುವ ತುಂಡು ಹಲಗೆ ಬೇಡ. ನಡುವಿನ ಬೀಮ್ ಮೇಲೆ ಹಾದು ಮೂರನೇ ಬೀಮ್‌ವರೆಗೆ ಹೋಗುವ ಉದ್ದ ಹಲಗೆ ತರಿಸಿ. ಎರಡೂ ಕಡೆ ಒಂದೇ ಸಮ ಭಾರ ಇದ್ದಾಗ ಜಗ್ಗುವುದು ಅರ್ಧಕ್ಕಿಂತ ಕಡಿಮೆ ಆಗುತ್ತೆ. ಆದರೆ ನಡುವಿನ ಬೀಮ್ ಮೇಲೆ ಬೀಳುವ ಭಾರ ಕಾಲು ಪಟ್ಟು ಜಾಸ್ತಿಯಾಗುತ್ತೆ, ಅದನ್ನು ಸ್ಟೀಲ್ ಡಿಸೈನ್ ಮಾಡುವವರಿಗೆ ಹೇಳಲೇಬೇಕು. ಎಷ್ಟೋ ಕಡೆ ಸ್ಟೀಲಿನವರು ಒಂದು ಲೆಕ್ಕ, ಮರದವರು ಇನ್ನೊಂದು ಲೆಕ್ಕ ಇಟ್ಟುಕೊಂಡಿರುತ್ತಾರೆ, ಇಬ್ಬರನ್ನೂ ಒಂದು ಸಲ ಎದುರುಬದುರು ಕೂರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ನಾನು ಹಿಡಿದ ಇ ವ್ಯಾಲ್ಯೂ ಬರೀ ಉದಾಹರಣೆಗೆ. ನೀವು ಕೊಳ್ಳುವ ಮರದ ಅಂಕಿಯನ್ನು ತಯಾರಕರಿಂದ ಬರಹದಲ್ಲಿ ತಗೊಂಡು, ಮರದ ಕಟ್ಟಡ ಡಿಸೈನಿನ ಮಾನದಂಡ ಐಎಸ್ 883 ಗೊತ್ತಿರುವ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಸಹಿ ಹಾಕಿಸಿ.

ಆರ್ಡರ್ ಕಾಗದದಲ್ಲಿ ದಪ್ಪ, ಉದ್ದ, ಮರದ ಜಾತಿ ಇರಲಿ, ಅದರ ಜೊತೆ ಇನ್ನೆರಡು ವಿಷಯ ಇರಲೇಬೇಕು. ಒಂದು ತೇವಾಂಶ, ಸುಮಾರು 12 ಪರ್ಸೆಂಟ್. ಲಾರಿ ಬಂದಾಗ ಮಾಯಿಶ್ಚರ್ ಮೀಟರ್ ಹಿಡಿದು ನೀವೇ ನೋಡಿ, ಮೇಲಿನ ಸಾಲನ್ನಷ್ಟೇ ಅಲ್ಲ, ಕಟ್ಟಿನ ಒಳಗಿನ ಹಲಗೆಗಳನ್ನೂ. ಎರಡನೆಯದು ಗಮ್. ಬಡಗಿಗಳು ಪೀಠೋಪಕರಣಕ್ಕೆ ಬಳಸುವ ಬಿಳಿ ಗಮ್ ಇಲ್ಲಿ ನಡೆಯುವುದಿಲ್ಲ. ಸತತ ಭಾರಕ್ಕೆ, ಬಿಸಿಗೆ, ತೇವಕ್ಕೆ ಅದು ಸಡಿಲ ಆಗುತ್ತೆ. ಫೀನಾಲ್ ರಿಸಾರ್ಸಿನಾಲ್ ಥರದ ನೀರಿಗೆ ಜಗ್ಗದ ಗಮ್ ಅಂತ ಬರೆಸಿ. ಸ್ಯಾಂಪಲ್ ತುಂಡು ಕೇಳಿ ಮನೆಯಲ್ಲೇ ಗಂಟೆಗಟ್ಟಲೆ ಕುದಿಸಿ ಒಣಗಿಸಿ ನೋಡಿ. ಪ್ಲೈವುಡ್‌ಗೆ ಐಎಸ್ 710ರಲ್ಲಿ 72 ಗಂಟೆ ಕುದಿಸುವ ಪರೀಕ್ಷೆ ಇದೆ. ನೀವು ಅಷ್ಟು ಹೊತ್ತು ಕುದಿಸದಿದ್ದರೂ ಕೆಟ್ಟ ಗಮ್ ಬೇಗ ಬಾಯಿ ಬಿಡುತ್ತೆ.

ನೀಲಗಿರಿ ವಿಷಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಲ್ಲರ ತೋಪಿನಲ್ಲೂ ಇದೆ, ಆಸೆ ಆಗುವುದು ಸಹಜ. ಆದರೆ ಎಳೆ ನೀಲಗಿರಿಯ ದಿಮ್ಮಿಯ ಒಳಗೇ ಬಿಗಿತ ಇರುತ್ತೆ. ಕೊಯ್ಯುತ್ತಿದ್ದ ಹಾಗೇ ಹಲಗೆ ಬಾಗುತ್ತೆ, ಒಣಗುವಾಗ ಸೀಳುತ್ತೆ. ಸಾಮಿಲ್‌ನಲ್ಲಿ ಕೊಯ್ಸಿ ನೆರಳಲ್ಲಿ ಒಣಗಿಸಿ ಮಹಡಿಗೆ ಹಾಕುವ ಮರ ಅದಲ್ಲ. ಬಳಸಲೇಬೇಕು ಅನ್ನಿಸಿದರೆ ಮೊದಲು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನು ಕೇಳಿ. ನಿಮ್ಮಲ್ಲಿಂದ ದೂರ ಏನಿಲ್ಲ.

ಹಲಗೆ ಸೈಟಿಗೆ ಯಾವಾಗ ಬರಬೇಕು ಅನ್ನುವುದು ದೊಡ್ಡ ವಿಷಯ. ನಮ್ಮ ಕಡೆ ಗೋಡೆ ಕಟ್ಟಿ, ಪ್ಲಾಸ್ಟರ್ ಮಾಡಿ, ದಿನಾ ಪೈಪ್ ಹಿಡಿದು ಕ್ಯೂರಿಂಗ್ ಮಾಡುತ್ತೇವೆ. ಆ ನೀರೆಲ್ಲಾ ವಾರಗಟ್ಟಲೆ ಗಾಳಿಯಲ್ಲಿ ಇರುತ್ತೆ. ಅದು ಮುಗಿದು ಗೋಡೆ ಒಣಗುವ ತನಕ ಹಲಗೆ ತರಿಸಬೇಡಿ. ತಂದ ಮೇಲೆ ನೆಲದಿಂದ ಎತ್ತರಿಸಿ ಜೋಡಿಸಿ, ನಡುವೆ ರೀಪು (ಸಣ್ಣ ಮರದ ಪಟ್ಟಿ) ಇಡಿ, ಟಾರ್ಪಾಲ್ ಮೇಲಿರಲಿ, ಪಕ್ಕ ಗಾಳಿಯಾಡಲಿ. ಮಾರ್ಚ್, ಏಪ್ರಿಲ್‌ನ ಒಣ ಹವೆಗೂ ಸೆಪ್ಟೆಂಬರ್, ಅಕ್ಟೋಬರ್ ಮಳೆಗೂ ನಡುವೆ 6 ಇಂಚಿನ ಒಂದು ಹಲಗೆ ಅಗಲದಲ್ಲಿ ಒಂದು, ಒಂದೂವರೆ ಎಂಎಂ ಆಚೀಚೆ ಆಗುತ್ತೆ. ಬೇಸಿಗೆಯಲ್ಲಿ ಹಾಕುವುದಾದರೆ ಪ್ರತಿ ಜೋಡಣೆಯಲ್ಲೂ ಸಣ್ಣ ಸಂದು ಬಿಡಿ, ಗೋಡೆಯ ಹತ್ತಿರ ಅರ್ಧ ಇಂಚಿಗಿಂತ ಕಡಿಮೆ ಬೇಡ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತೆ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಕೂರಿಸುವಾಗ ಐ ಬೀಮ್‌ಗೆ ಮೊದಲು ಮರದ ಪಟ್ಟಿ ಬೋಲ್ಟ್ ಮಾಡಿ, ಹಲಗೆಯನ್ನು ಆ ಪಟ್ಟಿಗೆ ಬಿಗಿಯಿರಿ. ಪ್ರತಿ ಹಲಗೆಗೂ ಪ್ರತಿ ಬೀಮ್ ಮೇಲೆ ನಾಲಗೆಯಲ್ಲಿ ಓರೆಯಾಗಿ ಒಂದು, ಮೇಲಿನಿಂದ ನೇರವಾಗಿ ಒಂದು ಸ್ಕ್ರೂ. ನಾಲಗೆಗೆ ಸುತ್ತಿಗೆಯಿಂದ ನೇರವಾಗಿ ಹೊಡೆಯಲು ಬಿಡಬೇಡಿ, ಗಾಡಿ ಇರುವ ವೇಸ್ಟ್ ತುಂಡು ಇಟ್ಟು ಅದರ ಮೇಲೆ ಹೊಡೆಯಲಿ. ಅಕ್ಕಪಕ್ಕದ ಸಾಲಿನ ಜಾಯಿಂಟ್‌ಗಳು ಒಂದೇ ಗೆರೆಗೆ ಬರಬಾರದು, ಎರಡು ಅಡಿಯಾದರೂ ಸರಿದಿರಲಿ. ಇಳಿಜಾರಿನಲ್ಲಿ ಸೂರಿನಿಂದ ಶುರು ಮಾಡಿ, ನಾಲಗೆ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಗಾಡಿಯೇ ನೀರು ಹಿಡಿಯುವ ಬಟ್ಟಲಾಗುತ್ತೆ. ಚೆಂದದ ಮುಖ ಕೆಳಗೆ, ಹಾಲ್‌ನಿಂದ ಕಾಣುವ ಹಾಗೆ. ಛಾವಣಿಯಲ್ಲಿ ಜಿಐ (ಸತುವಿನ ಲೇಪನದ) ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಮಾಮೂಲಿ ಕಬ್ಬಿಣ ತೇವದಲ್ಲಿ ತುಕ್ಕು ಹಿಡಿಯುತ್ತೆ, ತೇಗ, ಮತ್ತಿಯಂಥ ಮರದಲ್ಲಿ ಕಪ್ಪು ಕಲೆ ಬೇರೆ.

ಮಳೆಗೆ ತಡೆಯುತ್ತಾ ಅಂದರೆ, ಹಲಗೆ ತಡೆಯುವುದಿಲ್ಲ. ಅದರ ಮೇಲೆ ಏನು ಹಾಕುತ್ತೀರೋ ಅದು ತಡೆಯಬೇಕು. ಹಲಗೆಯ ಮೇಲೆ ವಾಟರ್‌ಪ್ರೂಫ್ ಮೆಂಬ್ರೇನ್ (ನೀರು ಇಳಿಯದ ಹಾಳೆ), ಅದರ ಮೇಲೆ ಇಳಿಜಾರಿನ ಉದ್ದಕ್ಕೆ ಒಂದು ಸಾಲು ರೀಪು, ಆಮೇಲೆ ಅಡ್ಡಕ್ಕೆ ಇನ್ನೊಂದು ಸಾಲು, ಕೊನೆಗೆ ಹೆಂಚು. ಮೊದಲ ಸಾಲು ಬಿಟ್ಟು ಅಡ್ಡ ರೀಪು ಮಾತ್ರ ಹೊಡೆದರೆ ಹೆಂಚಿನಿಂದ ಇಳಿದ ನೀರು ಪ್ರತಿ ರೀಪಿನ ಹಿಂದೆ ನಿಲ್ಲುತ್ತೆ. ಎರಡು ಸಾಲು ಇದ್ದರೆ ನೀರು ಸೂರಿಗೆ ಓಡುತ್ತೆ, ಹೆಂಚಿನ ಕೆಳಗೆ ಗಾಳಿಯಾಡಿ ಬೇಸಿಗೆಯ ಕಾವೂ ಇಳಿಯುತ್ತೆ. ಗಾಳಿಯನ್ನೂ ಮರೆಯಬೇಡಿ. ಮೇ ತಿಂಗಳ ಮಳೆಗಾಳಿ ಶ್ರೀನಿವಾಸಪುರದ ಮಾವನ್ನೂ ನಿಮ್ಮ ಕಡೆಯ ಪಾಲಿಹೌಸ್‌ಗಳನ್ನೂ ಏನು ಮಾಡುತ್ತೆ ಅಂತ ನಿಮಗೇ ಗೊತ್ತು. ಮರದ ಛಾವಣಿ ಕಾಂಕ್ರೀಟಿನಷ್ಟು ಭಾರ ಇಲ್ಲ, ಸೂರಿನ ಕೆಳಗೆ ಗಾಳಿ ನುಗ್ಗಿದರೆ ಎತ್ತುತ್ತೆ. ಸೂರಿನ ಹತ್ತಿರ ಸ್ಕ್ರೂ ಹತ್ತಿರಹತ್ತಿರ ಹಾಕಿಸಿ, ಬೀಮ್‌ಗಳನ್ನು ಗೋಡೆಯ ಕಾಂಕ್ರೀಟ್ ಬೆಲ್ಟಿಗೆ ಬೋಲ್ಟ್ ಮಾಡಿಸಿ. ಹಲಗೆ ಮಾತ್ರ ಹಾಕಿದ ಮಹಡಿ ಪಕ್ಕಕ್ಕೆ ಓಲಾಡಬಹುದು, ಮೇಲೆ 12 ಎಂಎಂ ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಡೆಯುವ) ಪ್ಲೈ ಹೊದಿಸಿ ಸ್ಕ್ರೂ ಮಾಡಿದರೆ ಅದು ಬಿಗಿಯಾಗುತ್ತೆ, ಹೆಜ್ಜೆ ಸದ್ದೂ ಕಡಿಮೆ.

ಬಾತ್‌ರೂಮ್ ಮಾತ್ರ ಈ ಮಹಡಿ ಮೇಲೆ ಬೇಡ, ಆ ಭಾಗಕ್ಕೆ ಕಾಂಕ್ರೀಟ್ ಹಾಕಿಸಿ. ಗೆದ್ದಲಿಗೆ ಪಾಯದಲ್ಲೇ ಐಎಸ್ 6313 ಪ್ರಕಾರ ಮಣ್ಣಿಗೆ ಔಷಧಿ ಹಾಕಿಸಿ. ಹಲಗೆಗೆ ಬೋರಾಕ್ಸ್, ಬೋರಿಕ್ ಆ್ಯಸಿಡ್ ಟ್ರೀಟ್‌ಮೆಂಟ್ ಮನೆಯೊಳಗೆ ಸಾಕು, ಮಳೆ ಬಿದ್ದರೆ ಅದು ತೊಳೆದುಹೋಗುತ್ತೆ, ಹಾಗಾಗಿ ಸೂರಿನಾಚೆ ಹಲಗೆಯನ್ನು ಬರಿದಾಗಿ ಚಾಚಬೇಡಿ. ಮರದ ತುದಿಗಳನ್ನು ಗೋಡೆಯಲ್ಲಿ ಸಿಮೆಂಟ್ ತುಂಬಿ ಹೂತುಬಿಡುತ್ತಾರೆ, ಬಿಡಬೇಡಿ, ಸುತ್ತ ಗಾಳಿಗೆ ಜಾಗ ಇರಲಿ.

ಮೊದಲ ಮಳೆಗಾಲದಲ್ಲಿ ಒಂದೆರಡು ಸಲ ಹಾಲ್‌ನಲ್ಲಿ ನಿಂತು ಮೇಲೆ ನೋಡಿ. ಎಲ್ಲಾದರೂ ತೇವದ ಕಲೆ ಕಂಡರೆ ಒಳಗಿನಿಂದ ಸಿಲಿಕಾನ್ ತುಂಬಬೇಡಿ, ನೀರು ಹಲಗೆಯೊಳಗೇ ಸಿಕ್ಕಿಕೊಳ್ಳುತ್ತೆ. ಆ ಜಾಗದಿಂದ ಮೇಲಕ್ಕೆ, ಛಾವಣಿಯ ನೆತ್ತಿಯ ತನಕ ಹೆಂಚು ತೆಗೆಸಿ ಮೆಂಬ್ರೇನ್ ಎಲ್ಲಿ ಹರಿದಿದೆ ಅಂತ ಹುಡುಕಿಸಿ. ನೀರು ಬಿದ್ದ ಕಡೆಗಿಂತ ತುಂಬಾ ಕೆಳಗೆ ಕಲೆ ಕಾಣಿಸಿಕೊಳ್ಳುತ್ತೆ.