ಓದುಗರ ಪ್ರಶ್ನೆ: ಹೊಸ ಬಿಟ್‌ಕಾಯಿನ್ ಆ್ಯಪ್ ಪರೀಕ್ಷೆಗೆ ಕರೆದಿದ್ದಾರೆ, ಹೋಗಬಹುದಾ?

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿತು. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದಲ್ಲಿ, ಅಂದರೆ ಅಂತರ್ಜಾಲದಲ್ಲಷ್ಟೇ ಇರುವ ನಾಣ್ಯದಲ್ಲಿ, ಪಾವತಿ ಮಾಡುವ ಹೊಸ ಆ್ಯಪ್‌ಗಳು ಇನ್ನೂ ತಯಾರಾಗುತ್ತಿವೆ, ಪರೀಕ್ಷೆ ಮಾಡಿಕೊಡಲು ಸ್ವಯಂಸೇವಕರು ಬೇಕು ಎಂಬ ಕರೆಗಳು ಬರುತ್ತಿವೆಯಂತೆ. ಕೆಲವು ನಿಜವಾದ ಕರೆಗಳು, ಕೆಲವು ಶುದ್ಧ ಮೋಸ. ಹಾಗಾಗಿ ಇಡೀ ಅಂಕಣ ಇದಕ್ಕೇ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಬಿಟ್‌ಕಾಯಿನ್ ಅನ್ನು ಬೇಗ ಕಳಿಸಲು ಇರುವ ಲೈಟ್ನಿಂಗ್ ಎಂಬ ಪಾವತಿ ವ್ಯವಸ್ಥೆಗೆ ಆ್ಯಪ್ ಮಾಡುತ್ತಿರುವ ಒಂದು ಸಣ್ಣ ತಂಡ ಪರೀಕ್ಷೆಗೆ ಜನ ಹುಡುಕುತ್ತಿದೆ. ಸಂಬಳ ಇಲ್ಲ. ಹೋಗಬಹುದಾ? ಸುಮ್ನೆ ಆ್ಯಪ್ ಹಾಕಿಕೊಂಡು ಬಟನ್ ಒತ್ತುತ್ತಾ ಇದ್ದರೆ ಸಾಕಾ?

ಹೋಗಿ. ಒಂದೇ ಷರತ್ತು, ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗಬಾರದು. ಬಿಟ್‌ಕಾಯಿನ್‌ಗೆ ಪರೀಕ್ಷೆಗೆಂದೇ ಬೇರೆ ಜಾಲಗಳಿವೆ. ಒಂದು ಟೆಸ್ಟ್‌ನೆಟ್, ಇನ್ನೊಂದು ಸಿಗ್ನೆಟ್. ನಿಯಮಗಳು ಹೆಚ್ಚುಕಡಿಮೆ ನಿಜವಾದ ಜಾಲದವೇ, ನಾಣ್ಯಕ್ಕೆ ಮಾತ್ರ ಬೆಲೆ ಇಲ್ಲ. ಫಾಸೆಟ್ ಅನ್ನುವ ತಾಣಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಯಾವುದು ಯಾವುದು ಅಂತ ಗುರುತು ಹಿಡಿಯುವುದೂ ಕಷ್ಟವಲ್ಲ: ನಾಣ್ಯ ಕಳಿಸುವ ವಿಳಾಸ ಇಂಗ್ಲಿಷಿನ ಟಿ, ಬಿ ಅಕ್ಷರಗಳಿಂದ ಶುರುವಾದರೆ ಅದು ಪರೀಕ್ಷೆಯದು, ಬಿ, ಸಿ ಅಂತ ಶುರುವಾದರೆ ನಿಜವಾದ ದುಡ್ಡು. ಲೈಟ್ನಿಂಗ್ ಬಿಲ್ಲಿನಲ್ಲೂ ಹಾಗೇ, ಮೊದಲ ಎರಡಕ್ಷರ ಎಲ್, ಎನ್ ಆದಮೇಲೆ ಟಿ ಬಿ ಬಂತಾ, ಬಿ ಸಿ ಬಂತಾ ನೋಡಿ. ಆ ತಂಡ ನಿಜವಾದ ಬಿಟ್‌ಕಾಯಿನ್ ಹಾಕಿಯೇ ನೋಡಿ ಅಂದರೆ ಬೇಡ ಅನ್ನಿ. ಒಳ್ಳೆಯ ತಂಡವಾಗಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪರೀಕ್ಷೆ ಯಾಕೆ ಇಷ್ಟು ಮುಖ್ಯ ಅಂದರೆ, ಇಲ್ಲಿ ತಪ್ಪಾದರೆ ವಾಪಸ್ ಕೊಡಿಸುವ ಬ್ಯಾಂಕ್ ಇಲ್ಲ. ಬಿಟ್‌ಕಾಯಿನ್ ಜಾಲ ಶುರುವಾಗಿದ್ದು 2009ರ ಜನವರಿಯಲ್ಲಿ. ಒಟ್ಟು 2.1 ಕೋಟಿ ನಾಣ್ಯಕ್ಕಿಂತ ಜಾಸ್ತಿ ಹುಟ್ಟಬಾರದು ಅಂತ ಅದರ ನಿಯಮ. ಆದರೆ 2010ರ ಆಗಸ್ಟ್ 15ರಂದು ಲೆಕ್ಕದ ಒಂದು ದೋಷದಿಂದ ಒಂದೇ ವ್ಯವಹಾರದಲ್ಲಿ 18,400 ಕೋಟಿ ನಾಣ್ಯ ಸೃಷ್ಟಿಯಾಗಿಬಿಟ್ಟವು. ಯಾರೋ ಕಣ್ಣಿಟ್ಟು ನೋಡುತ್ತಿದ್ದರು, ಕೆಲವೇ ಗಂಟೆಗಳಲ್ಲಿ ಸರಿಪಡಿಸಿ ಆ ನಾಣ್ಯಗಳನ್ನು ಇಲ್ಲವಾಗಿಸಿದರು. 2019ರಲ್ಲಿ ಲೈಟ್ನಿಂಗ್‌ನ ಕೆಲವು ತಂತ್ರಾಂಶಗಳಲ್ಲಿ ಇನ್ನೊಂದು ದೋಷ ಸಿಕ್ಕಿತು. ಎದುರಿನವನು ಚಾನೆಲ್‌ಗೆ (ಪಾವತಿಗಾಗಿ ಇಬ್ಬರ ನಡುವೆ ತೆರೆದ ಜಂಟಿ ಖಾತೆಯಂಥದ್ದು) ಇಷ್ಟು ದುಡ್ಡು ಹಾಕಿದ್ದೇನೆ ಎಂದರೆ, ನಿಜವಾಗಿ ಹಾಕಿದ್ದಾನಾ ಅಂತ ಅವು ಸರಿಯಾಗಿ ನೋಡುತ್ತಿರಲಿಲ್ಲ. ದೊಡ್ಡ ದೊಡ್ಡ ಪರಿಣತರು ಬರೆದ ತಂತ್ರಾಂಶಗಳ ಕಥೆಯೇ ಇದು. ಸಣ್ಣ ತಂಡಕ್ಕೆ ನಿಮ್ಮಂಥವರ ಕಣ್ಣು ಎಷ್ಟು ಬೇಕು ಯೋಚಿಸಿ.

ಇನ್ನು ಮಾಡುವುದು ಏನು? ಎಲ್ಲ ಸರಿಯಿದ್ದಾಗ ಆ್ಯಪ್ ಕೆಲಸ ಮಾಡುತ್ತೆ ಅಂತ ತಂಡಕ್ಕೆ ಗೊತ್ತಿರುತ್ತದೆ. ಅವರು ಕೂತಿರುವಲ್ಲಿ ಒಳ್ಳೆಯ ವೈಫೈ ಇದೆ, ಹೊಸ ಫೋನ್ ಇದೆ. ನೀವು ಹಳೆಯ ಫೋನ್ ತಗೊಂಡು ಸಂತೆಯ ಹೊತ್ತಿಗೆ ಎಪಿಎಂಸಿ ಯಾರ್ಡ್‌ಗೋ ಕೆ.ಆರ್. ಮಾರ್ಕೆಟ್ಟಿಗೋ ಹೋಗಿ ಅಲ್ಲಿಂದ ಕಳಿಸಿ, ಹರಿಹರದ ಬಸ್ಸಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಕಳಿಸಿ, ಕಳಿಸುವ ಬಟನ್ ಒತ್ತಿದ ಕ್ಷಣಕ್ಕೇ ಡೇಟಾ ಆಫ್ ಮಾಡಿ ನೋಡಿ. ಲೈಟ್ನಿಂಗ್ ಪಾವತಿ ಸಾಮಾನ್ಯವಾಗಿ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ದಾರಿಯಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಹಾಗೇ ನಿಲ್ಲಬಹುದು, ಕೆಲವೊಮ್ಮೆ ದಿನವೂ ಆಗಬಹುದು. ಆಗ ಆ್ಯಪ್ ಏನು ತೋರಿಸುತ್ತದೆ? ವಿಫಲ ಅಂತ ಸುಳ್ಳು ಹೇಳುತ್ತದಾ? ಇನ್ನೊಂದು ಬಿಲ್ ಹಾಕಿಸಿಕೊಂಡು ಮತ್ತೆ ಕಟ್ಟಿ ಎನ್ನುತ್ತದಾ? ಹಾಗೆ ಹೇಳಿದರೆ ಜನ ಎರಡೆರಡು ಸಲ ಕಟ್ಟುತ್ತಾರೆ. ಇದನ್ನು ಕಂಡುಹಿಡಿದರೆ ನೀವು ಮಾಡಿದ್ದು ನಿಜವಾದ ಕೆಲಸ.

ಇನ್ನೊಂದು ಪರೀಕ್ಷೆಯನ್ನು ಬಿಡಲೇಬೇಡಿ. ವಾಲೆಟ್ (ನಾಣ್ಯ ಇಟ್ಟುಕೊಳ್ಳುವ ಆ್ಯಪ್) ಶುರು ಮಾಡುವಾಗ ದುಡ್ಡಿನ ಬೀಗದಕೈಯಂಥ 12 ಇಲ್ಲವೇ 24 ಪದ ಕೊಡುತ್ತದಲ್ಲ, ಅದನ್ನು ಬರೆದಿಟ್ಟುಕೊಂಡು ಆ್ಯಪ್ ಪೂರ್ತಿ ತೆಗೆದುಹಾಕಿ, ಮತ್ತೆ ಹಾಕಿ, ಪದ ಕೊಟ್ಟು ದುಡ್ಡು ವಾಪಸ್ ಬಂತಾ ನೋಡಿ. ತುಂಬಾ ಲೈಟ್ನಿಂಗ್ ವಾಲೆಟ್‌ಗಳಲ್ಲಿ ಪದ ಒಂದರಿಂದಲೇ ಚಾನೆಲ್‌ನಲ್ಲಿದ್ದ ದುಡ್ಡು ಬರುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಫೈಲ್ ಬೇಕು. ಈ ಮಾತನ್ನು ಬಳಸುವವರಿಗೆ ಮೊದಲೇ, ಅರ್ಥವಾಗುವ ಹಾಗೆ ಆ್ಯಪ್ ಹೇಳುತ್ತಿದೆಯಾ? ಹೇಳದಿದ್ದರೆ ಅದನ್ನೂ ದೋಷ ಅಂತಲೇ ಬರೆಯಿರಿ.

ಬರೆಯುವುದರಲ್ಲೇ ಅರ್ಧ ಕೆಲಸ ಇದೆ. ‘ಆ್ಯಪ್ ಕೆಲಸ ಮಾಡ್ತಿಲ್ಲ’ ಅಂದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಬಹುದು (ಸತೋಶಿ ಅಂದರೆ ಬಿಟ್‌ಕಾಯಿನ್‌ನ ತೀರ ಸಣ್ಣ ಭಾಗ): ‘ಆಂಡ್ರಾಯ್ಡ್ 12, 3 ಜಿಬಿ ರ‍್ಯಾಮ್, ಆ್ಯಪ್ ಆವೃತ್ತಿ 0.3.1. ಸಿಗ್ನೆಟ್‌ನಲ್ಲಿ 5,000 ಸತೋಶಿ ಕಳಿಸಿದೆ. ಬಟನ್ ಒತ್ತಿದ ತಕ್ಷಣ ಡೇಟಾ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಆನ್ ಮಾಡಿದೆ. ಪಾವತಿ ವಿಫಲ ಎಂದು ತೋರಿಸಿತು, ಆದರೆ ಬ್ಯಾಲೆನ್ಸ್ ಕಡಿಮೆಯಾಗಿತ್ತು. ಮತ್ತೆ ಮಾಡಿದಾಗಲೂ ಹೀಗೇ ಆಯಿತು.’ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಇಷ್ಟಿದ್ದರೆ ಅವರು ತಮ್ಮ ಮೇಜಿನ ಮೇಲೆ ಅದೇ ತೊಂದರೆಯನ್ನು ಮತ್ತೆ ಬರಿಸಿಕೊಳ್ಳಬಹುದು. ಲಾಗ್ ಫೈಲ್ (ಆ್ಯಪ್ ಏನೇನು ಮಾಡಿತು ಎಂಬ ದಾಖಲೆ) ಕೇಳಿದರೆ ಒಮ್ಮೆ ಓದಿಯೇ ಕಳಿಸಿ, ಅದರಲ್ಲಿ ನಿಮ್ಮ ಖಾಸಗಿ ವಿವರ ಸೇರಿರಬಹುದು. ಬೇರೆಯವರ ದುಡ್ಡು ಕದಿಯಬಹುದಾದಂಥ ದೋಷ ಸಿಕ್ಕರೆ ಗುಂಪಿನಲ್ಲಿ ಎಲ್ಲರ ಮುಂದೆ ಹಾಕಬೇಡಿ. ತಂಡಕ್ಕೆ ಮಾತ್ರ ತಿಳಿಸಿ, ಸರಿಪಡಿಸಲು ಸಮಯ ಕೊಡಿ.

ನಾನು ಚಳ್ಳಕೆರೆಯ ನಿವೃತ್ತ ಶಿಕ್ಷಕಿ. ಕೋಡಿಂಗ್ ಗೊತ್ತಿಲ್ಲ. ಮೊಮ್ಮಗ ಇಂಥ ಪರೀಕ್ಷೆ ಮಾಡುತ್ತಾನೆ, ‘ನೀವೂ ಸೇರಿ ಅಜ್ಜಿ’ ಅಂತಾನೆ. ನನ್ನಿಂದ ಏನು ಉಪಯೋಗ?

ನಿಮ್ಮಂಥವರೇ ಹೆಚ್ಚು ಬೇಕು, ಇದು ಸಮಾಧಾನದ ಮಾತಲ್ಲ. ಕೋಡ್ ಬಲ್ಲವರು ಎಲ್ಲಿ ಒತ್ತಬೇಕು ಅಂತ ಊಹಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ಎಲ್ಲಿ ನಿಂತಿರಿ, ಯಾವ ಸಾಲು ಓದಿ ಗಾಬರಿಯಾಯಿತು, ಅದೇ ತಂಡಕ್ಕೆ ಬೇಕಾದ ಮಾಹಿತಿ. ಮೊಮ್ಮಗ ಪಕ್ಕದಲ್ಲಿ ಕೂತು ಏನೂ ಹೇಳಿಕೊಡದೆ ನೋಡಲಿ, ನೋಡಿದ್ದನ್ನು ಬರೆಯಲಿ.

ಆ್ಯಪ್‌ನಲ್ಲಿ ಕನ್ನಡ ಇದ್ದರೆ ಇನ್ನೂ ಒಳ್ಳೆಯದು. ಬಟನ್‌ನ ಜಾಗ ಇಂಗ್ಲಿಷಿಗೆ ಅಳೆದು ಮಾಡಿರುತ್ತಾರೆ, ಕನ್ನಡ ಹಾಕಿದರೆ ಅರ್ಧ ಪದ ಕಾಣಿಸುವುದಿಲ್ಲ, ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಶಾಲೆಯಲ್ಲಿ ಒತ್ತಕ್ಷರ ತಿದ್ದಿದವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ, ಅಲ್ವಾ? ಸಂಖ್ಯೆಯನ್ನೂ ನೋಡಿ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ನಾವು 10,00,000 ಅಂತ ಓದಿ ಬೆಳೆದವರು, ಆ್ಯಪ್ 1,000,000 ಅಂತ ತೋರಿಸಿದರೆ ಒಂದು ಲಕ್ಷವೋ ಹತ್ತು ಲಕ್ಷವೋ ಅಂತ ತಡವರಿಸುತ್ತೇವೆ. ದುಡ್ಡಿನ ಆ್ಯಪ್‌ನಲ್ಲಿ ಆ ತಡವರಿಕೆ ಸಣ್ಣ ವಿಷಯವಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ: ಬರೆದಿಟ್ಟುಕೊಳ್ಳಬೇಕಾದ ಆ 12 ಪದಗಳನ್ನು ಹೆಚ್ಚಿನ ವಾಲೆಟ್‌ಗಳು 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸುತ್ತವೆ. ಜಪಾನಿ, ಸ್ಪ್ಯಾನಿಷ್, ಫ್ರೆಂಚ್ ಪಟ್ಟಿಗಳೂ ಇವೆ, ಭಾರತದ ಭಾಷೆ ಒಂದೂ ಇಲ್ಲ. ಹಾಗಾಗಿ ಕನ್ನಡದ ಆ್ಯಪ್‌ನಲ್ಲೂ ಅವು ಇಂಗ್ಲಿಷಿನಲ್ಲೇ ಬರುತ್ತವೆ. ಅಕ್ಷರ ಬಿಡದೆ, ಅದೇ ಕ್ರಮದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಬರದವರು ಇದನ್ನು ಹೇಗೆ ಕಾಪಾಡಿಕೊಳ್ಳಬೇಕು ಅಂತ ತಂಡವನ್ನು ಕೇಳಿ. ಈ ಪ್ರಶ್ನೆ ನಮ್ಮ ಕಡೆಯಿಂದಲೇ ಹೋಗಬೇಕು.

ಪರೀಕ್ಷೆಯ ನಾಣ್ಯ ತುಂಬಾ ಕೂಡಿಟ್ಟಿದ್ದೇನೆ. ಮುಂದೆ ಬೆಲೆ ಬರಬಹುದಾ? ಕೊಳ್ಳುತ್ತೇನೆ ಅಂತ ಒಬ್ಬರು ಕೇಳುತ್ತಿದ್ದಾರೆ. — ಹಿರಿಯೂರು

ಮಾರಬೇಡಿ, ಕೊಳ್ಳಲೂಬೇಡಿ. ಬೆಲೆ ಬಂದರೆ ಅದು ಪರೀಕ್ಷೆಗೆ ಉಳಿಯುವುದಿಲ್ಲ. ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲದ ಗೋರ್ಲಿ ಎಂಬ ಪರೀಕ್ಷಾ ಜಾಲದ ನಾಣ್ಯ 2023ರಲ್ಲಿ ದುಡ್ಡಿಗೆ ಮಾರಾಟವಾಗತೊಡಗಿ, ಪರೀಕ್ಷೆ ಮಾಡುವವರಿಗೇ ಸಿಗದಂತಾಯಿತು. ಆ ಜಾಲವನ್ನೇ ಕೈಬಿಟ್ಟರು. ಬಿಟ್‌ಕಾಯಿನ್‌ನಲ್ಲೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ 2024ರಲ್ಲಿ ಟೆಸ್ಟ್‌ನೆಟ್4 ಅಂತ ಹೊಸದು ಬಂತು. ಕೂಡಿಟ್ಟದ್ದನ್ನು ಫಾಸೆಟ್‌ಗೇ ವಾಪಸ್ ಕಳಿಸಿ, ಇನ್ನೊಬ್ಬ ವಿದ್ಯಾರ್ಥಿಗೆ ಸಿಗಲಿ.

ಚೌಕಿಪೇಟೆಯಲ್ಲಿ ಅಂಗಡಿ ಇದೆ. ಮಗ ಇಂಥ ಆ್ಯಪ್ ಒಂದನ್ನು ಗಲ್ಲಾದ ಹತ್ತಿರ ಇಟ್ಟು ಪರೀಕ್ಷೆ ಮಾಡುತ್ತೇನೆ ಅಂತಾನೆ. ಕಾನೂನು ತೊಂದರೆ ಬರುತ್ತದಾ?

ಮಗ ಮತ್ತು ಅವನ ಗೆಳೆಯರು ಬೆಲೆಯಿಲ್ಲದ ನಾಣ್ಯದಲ್ಲಿ ಕಳಿಸಿ ತರಿಸಿ ನೋಡಿದರೆ ತೊಂದರೆ ಕಾಣುವುದಿಲ್ಲ. ಅಂಗಡಿ ನಿಜಕ್ಕೂ ಒಳ್ಳೆಯ ಜಾಗ. ಗಿರಾಕಿಗಳು ಸಾಲಾಗಿ ನಿಂತಿರುವಾಗ ಕ್ಯೂಆರ್ ಎಷ್ಟು ಬೇಗ ಓದುತ್ತದೆ, ದುಡ್ಡು ಬಂತು ಅಂತ ಅಂಗಡಿಯವರಿಗೆ ಹೇಗೆ ಗೊತ್ತಾಗುತ್ತದೆ, ಇದೆಲ್ಲ ಅಲ್ಲೇ ತಿಳಿಯುವುದು. ಯುಪಿಐಗೆ ಒಗ್ಗಿದ ಅಂಗಡಿಯವರು ಏನು ಬಯಸುತ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಆದರೆ ಗಿರಾಕಿಗಳಿಂದ ನಿಜವಾದ ಕ್ರಿಪ್ಟೊ ತಗೊಳ್ಳುವುದು ಬೇರೆ ಮಾತು. ಭಾರತದಲ್ಲಿ ಅದು ಚಲಾವಣೆಯ ಹಣವಲ್ಲ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು, ಹಾಗಾಗಿ ನಿಷೇಧವೂ ಇಲ್ಲ. ಆದರೆ 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಅದೇ ಜುಲೈನಿಂದ ವರ್ಗಾವಣೆಗೆ ಶೇ 1 ಟಿಡಿಎಸ್ ಬಂದಿವೆ. ಬೇಳೆ ಅಕ್ಕಿ ಮಾರಿ ಈ ಲೆಕ್ಕವನ್ನೆಲ್ಲ ತಲೆಗೆ ಹಚ್ಚಿಕೊಳ್ಳುವುದು ಬೇಡ.

ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಆ್ಯಪ್ ಅನ್ನು ಲಿಂಕ್ ಕೊಟ್ಟು ಹಾಕಿಕೊಳ್ಳಿ ಅಂದರೆ? — ಹೊಳಲ್ಕೆರೆ

ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಲೇಬೇಡಿ, ಕಳಿಸಿದವರು ಗುರುತಿನವರಾದರೂ ಸರಿ. ಪ್ಲೇ ಸ್ಟೋರ್‌ನಲ್ಲೇ ಮುಚ್ಚಿದ ಪರೀಕ್ಷೆ ಎಂಬ, ಆಯ್ದವರಿಗಷ್ಟೇ ಆ್ಯಪ್ ಕೊಡುವ ದಾರಿ ಇದೆ. ವೈಯಕ್ತಿಕ ಖಾತೆ ತೆರೆದ ಹೊಸ ಡೆವಲಪರ್‌ಗಳು ಆ್ಯಪ್ ಎಲ್ಲರಿಗೂ ಬಿಡುವ ಮೊದಲು ಸತತ 14 ದಿನ ಪರೀಕ್ಷಕರನ್ನು ಇಟ್ಟುಕೊಳ್ಳಲೇಬೇಕು ಅಂತ ಗೂಗಲ್ 2023ರ ಕೊನೆಗೆ ನಿಯಮ ಮಾಡಿತು. ಮೊದಲು ಕನಿಷ್ಠ 20 ಜನ ಬೇಕಿತ್ತು, ಆಮೇಲೆ 12ಕ್ಕೆ ಇಳಿಸಿದರು. ಸಣ್ಣ ತಂಡಗಳು ಜನ ಹುಡುಕುವುದಕ್ಕೆ ಇದೂ ಒಂದು ಕಾರಣ. ಆ ದಾರಿಯಲ್ಲಿ ಬರಲಿ. ಬ್ಯಾಂಕ್ ಆ್ಯಪ್, ಯುಪಿಐ ಇರುವ ಫೋನ್ ಬಳಸಬೇಡಿ.

ತಮ್ಮನಿಗೆ ಟೆಲಿಗ್ರಾಂನಲ್ಲಿ ‘ಕ್ರಿಪ್ಟೊ ಆ್ಯಪ್ ಟೆಸ್ಟಿಂಗ್, ಮನೆಯಿಂದಲೇ ಕೆಲಸ’ ಅಂತ ಬಂತು. ಮೊದಲು ಸ್ವಲ್ಪ ದುಡ್ಡು ಅವನ ಖಾತೆಗೇ ಹಾಕಿದರು. ಆಮೇಲೆ ಪರೀಕ್ಷೆಗೆ ಡೆಪಾಸಿಟ್ ಅಂತ ಕಟ್ಟಿಸಿಕೊಂಡರು. ಈಗ ಆ್ಯಪ್‌ನಲ್ಲಿ ಎರಡು ಲಕ್ಷ ತೋರಿಸುತ್ತಿದೆ, ತೆಗೆಯಬೇಕಾದರೆ ಶೇ 30 ತೆರಿಗೆ ಮೊದಲು ಕಟ್ಟಿ ಅಂತಾರೆ. ಕಟ್ಟಲೇ? — ಚಿತ್ರದುರ್ಗ

ಕಟ್ಟಬೇಡಿ. ಈ ಸಾಲು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಅದು ಪರೀಕ್ಷೆ ಅಲ್ಲ. ತೆರೆಯ ಮೇಲೆ ಕಾಣುವ ಎರಡು ಲಕ್ಷ ಬರೀ ಅಂಕಿ, ಅದರ ಹಿಂದೆ ನಾಣ್ಯವೂ ಇಲ್ಲ, ಜಾಲವೂ ಇಲ್ಲ. ತೆರಿಗೆಯನ್ನು ನಾವು ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆ, ಟೆಲಿಗ್ರಾಂನ ಅಪರಿಚಿತನ ಯುಪಿಐಗೆ ಅಲ್ಲ. ಶೇ 30 ಎಂಬ ಅಂಕಿ ಮಾತ್ರ ನಿಜವಾದದ್ದು, ನಂಬಿಕೆ ಬರಲಿ ಅಂತಲೇ ಅದನ್ನು ಎತ್ತಿಕೊಂಡಿದ್ದಾರೆ. ಕಟ್ಟಿದರೆ ಇನ್ನೊಂದು ಶುಲ್ಕ ಕೇಳುತ್ತಾರೆ.

ಮೊದಲು ತಮ್ಮನ ಖಾತೆಗೆ ಬಂದ ದುಡ್ಡಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಇಂಥ ಮೋಸದ ಜಾಲಗಳಲ್ಲಿ ಅದು ಮೋಸಹೋದ ಇನ್ನೊಬ್ಬರ ದುಡ್ಡೇ ಆಗಿರಬಹುದು. ಅವರು ದೂರು ಕೊಟ್ಟರೆ ತಮ್ಮನ ಖಾತೆಯೂ ಸ್ಥಗಿತವಾಗಬಹುದು. ‘ನಿಮ್ಮ ಖಾತೆಗೆ ಬಂದದ್ದನ್ನು ಇಂಥವರಿಗೆ ದಾಟಿಸಿ’ ಅಂದಿದ್ದರೆ ಅದನ್ನು ಮುಚ್ಚಿಡದೆ ಪೊಲೀಸರಿಗೆ ಹೇಳಲಿ. 1930 ಆದಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಬ್ಯಾಂಕಿಗೆ ಬರೆದು ಕೊಡಿ, ಸೈಬರ್ ಅಪರಾಧ ನೋಡುವ ಚಿತ್ರದುರ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಚಾಟ್, ಯುಪಿಐ ವ್ಯವಹಾರದ ಸಂಖ್ಯೆ, ಗುಂಪಿನ ಹೆಸರು ಎಲ್ಲದರ ಸ್ಕ್ರೀನ್‌ಶಾಟ್ ಇರಲಿ. ಗುಂಪಿನಿಂದ ಹೊರಬರುವ ಮೊದಲೇ ತೆಗೆದುಕೊಳ್ಳಿ. ದುಡ್ಡು ಹೋಗಿ ಎಷ್ಟು ಬೇಗ ದೂರು ಕೊಡುತ್ತೀರೋ ಅಷ್ಟು ತಡೆಹಿಡಿಯುವ ಅವಕಾಶ ಜಾಸ್ತಿ. ‘ಕಳೆದ ಕ್ರಿಪ್ಟೊ ವಾಪಸ್ ಕೊಡಿಸುತ್ತೇವೆ’ ಅಂತ ಆಮೇಲೆ ಫೋನ್ ಮಾಡುವವರು ಬರುತ್ತಾರೆ, ಅವರಿಗೂ ಏನೂ ಕೊಡಬೇಡಿ.

ತಮ್ಮನನ್ನು ಬೈಯಬೇಡಿ. ಕೆಲಸ ಹುಡುಕುವ ಹುಡುಗರನ್ನೇ ನೋಡಿ ಇವರು ಬಲೆ ಹಾಕುತ್ತಾರೆ. ಬೈದರೆ ಉಳಿದ ವಿವರ ಅವನ ಬಾಯಿಂದ ಬರುವುದಿಲ್ಲ, ಈಗ ನಿಮಗೆ ಆ ವಿವರ ಬೇಕು.

ಪರೀಕ್ಷೆ ಮುಗಿಯಿತು. ಆ್ಯಪ್ ಚೆನ್ನಾಗಿದೆ. ಅದೇ ವಾಲೆಟ್‌ಗೆ ಈಗ ನಿಜವಾದ ಬಿಟ್‌ಕಾಯಿನ್ ಹಾಕಿಕೊಳ್ಳಬಹುದಾ? — ಹರಿಹರ

ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಆ ಪದಗಳ ಸ್ಕ್ರೀನ್‌ಶಾಟ್ ತೆಗೆದಿರಬಹುದು, ಲಾಗ್ ಜೊತೆ ಏನೇನೋ ಹೋಗಿರಬಹುದು. ಆ ಪದಗಳನ್ನು ಇನ್ನೆಲ್ಲೂ ಬಳಸಬೇಡಿ. ಆ್ಯಪ್ ತೆಗೆದುಹಾಕಿ, ಪರೀಕ್ಷಕರ ಪಟ್ಟಿಯಿಂದ ನಿಮ್ಮ ಇಮೇಲ್ ತೆಗೆಯಲು ತಂಡಕ್ಕೆ ಹೇಳಿ. ನೀವು ತಿಳಿಸಿದ ದೋಷಗಳು ಸರಿಯಾದವಾ ಅಂತ ಮುಂದಿನ ಆವೃತ್ತಿ ಬಂದಾಗ ಹೊಸ ವಾಲೆಟ್ ಮಾಡಿ, ಪರೀಕ್ಷೆಯ ನಾಣ್ಯದಲ್ಲೇ ಒಮ್ಮೆ ನೋಡಿ ಹೇಳಿ.