ನಿಮ್ಮ ನಾಯಕಿಗೆ ಗೊತ್ತಿಲ್ಲದ ಐದು ಗಂಟೆಗಳು

ಮಾನ್ಯರೇ,

ಪಾನೀಯದಲ್ಲಿ ಮತ್ತಿನ ಮದ್ದು ಬೆರೆಸಿ ಮೈಮರೆಸಲಾದ ಹೆಣ್ಣುಮಗಳೊಬ್ಬಳು ಆ ರಾತ್ರಿಯನ್ನು ದಾಟಿ ಬಂದ ಬಗೆಯನ್ನು ತಾನೇ ರಂಗದ ಮೇಲೆ ನಿಂತು ಹೇಳುವ ನಿಮ್ಮ ಏಕವ್ಯಕ್ತಿ ನಾಟಕವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಮೊದಲ ಆರು ಪುಟಗಳನ್ನು ಬರೆದವರು ಉಳಿದದ್ದನ್ನೂ ಹಾಗೆಯೇ ಬರೆಯಬಲ್ಲರೆಂದು ನಂಬಿ, ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ತೊಡಕು ಶುರುವಾಗುವುದು ಏಳನೆಯ ಪುಟದಲ್ಲಿ. ರಾತ್ರಿ ಹನ್ನೊಂದಕ್ಕೆ ಲೋಟ ಕೈಗೆ ಬಂದಾಗಿನಿಂದ ಬೆಳಗಿನ ಜಾವ ನಾಲ್ಕರವರೆಗೆ ನಡೆದದ್ದನ್ನೆಲ್ಲ, ಕಾರಿನ ಸೀಟಿನ ಬಣ್ಣವನ್ನೂ ಬಿಡದೆ, ನಿಮ್ಮ ನಾಯಕಿ ವರ್ಣಿಸುತ್ತಾಳೆ. ಅವಳಿಗೆ ಅದೆಲ್ಲ ಹೇಗೆ ಗೊತ್ತು? ರೊಹಿಪ್ನಾಲ್ ಎಂದು ಮಾರಾಟವಾದ ಫ್ಲುನೈಟ್ರಾಜೆಪಾಮ್ ಆಗಲಿ, ಜಿಎಚ್‌ಬಿ ಆಗಲಿ, ಈ ಮತ್ತಿನ ಮದ್ದುಗಳು ನಿದ್ದೆ ತರಿಸುವುದಷ್ಟೇ ಅಲ್ಲ, ಹೊಸ ನೆನಪು ಮೂಡುವುದನ್ನೇ ತಡೆಯುತ್ತವೆ. ಆಕೆ ನಡೆದಿರಬಹುದು, ಮಾತಾಡಿರಬಹುದು, ನಕ್ಕಿರಲೂಬಹುದು. ಮರುದಿನ ಅವಳ ಪಾಲಿಗೆ ಉಳಿಯುವುದು ಚೂರುಪಾರು ಅಷ್ಟೆ, ಕೆಲವೊಮ್ಮೆ ಅದೂ ಇಲ್ಲ. ಯಕ್ಷಗಾನದಲ್ಲಾದರೆ ವೇಷ ಸುಮ್ಮನಾದರೂ ಭಾಗವತರು ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ನಿಮ್ಮ ರಂಗದ ಮೇಲೆ ಅಂಥ ಆಸರೆಯಿಲ್ಲ. ಹೇಳಬೇಕಾದ ಒಬ್ಬಳ ಬಳಿಯೂ ಹೇಳಲು ಏನೂ ಇಲ್ಲದಿರುವುದು ಈ ವಸ್ತುವಿನ ಸಂಕಟ, ಮತ್ತು ನೀವು ಕಲ್ಪನೆಯ ಮಣ್ಣು ತುಂಬಿ ಮುಚ್ಚಿರುವುದು ಆ ಹಳ್ಳವನ್ನೇ.

ಬ್ರೆಜಿಲ್‌ನ ರಂಗಕರ್ಮಿ ಕರೋಲಿನಾ ಬಿಯಾಂಕಿ 2023ರಲ್ಲಿ ಫ್ರಾನ್ಸಿನ ಅವಿನ್ಯೋಂ ರಂಗೋತ್ಸವದಲ್ಲಿ ತಂದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಅವರ ನಾಡಿನಲ್ಲಿ ಇಂಥ ಮದ್ದಿಗೆ 'ಶುಭರಾತ್ರಿ ಸಿಂಡ್ರೆಲಾ' ಎಂಬ ಅಡ್ಡಹೆಸರಿದೆ. ಬಿಯಾಂಕಿ ಮೊದಲು ಉಪನ್ಯಾಸದ ಧಾಟಿಯಲ್ಲಿ ಮಾತಾಡುತ್ತ, ಪ್ರೇಕ್ಷಕರೆದುರೇ ಮತ್ತಿನ ಪಾನೀಯ ಕುಡಿದು ನಿದ್ದೆಹೋಗುತ್ತಾರೆ; ಮುಂದಿನದನ್ನು ತಂಡದವರು ಮಲಗಿದ ಆ ದೇಹವನ್ನು ಇಟ್ಟುಕೊಂಡೇ ನಡೆಸುತ್ತಾರೆ. ಹಾಗೆಯೇ ಮಾಡಿ ಎಂದು ಖಂಡಿತ ಹೇಳುತ್ತಿಲ್ಲ. ಯಾವ ನಟಿಯನ್ನೂ ಆ ಅಪಾಯಕ್ಕೆ ಒಡ್ಡಬೇಡಿ. ಎಚ್ಚರ ತಪ್ಪಿದ ಹೊತ್ತಿನ ಕಥೆಯನ್ನು ಎಚ್ಚರವಿದ್ದವಳಂತೆ ಹೇಳಲು ಒಪ್ಪದ ಅವರ ಹಟವನ್ನಷ್ಟೇ ಗಮನಿಸಿ. ನಿಮ್ಮಲ್ಲಿ ಆ ಹಟಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ: ಅಕ್ಷರ ತಪ್ಪಿ ತಾನೇ ಕಳಿಸಿದ್ದ ಸಂದೇಶ, ಗೆಳತಿ ಹೇಳುವ ಅರೆಬರೆ ಸುದ್ದಿ, ತಾನು ಹತ್ತಿದ ನೆನಪಿಲ್ಲದ ಕ್ಯಾಬಿನ ರಸೀದಿಯನ್ನು ಲೆಕ್ಕದ ಪಾಠದಂತೆ ಆಕೆ ಮತ್ತೆ ಮತ್ತೆ ಓದುವುದು.

ಮಾಹಿತಿಯ ತಪ್ಪುಗಳೂ ಇವೆ. ಮೂರನೆಯ ದಿನ ಸಂಜೆ ಮಾಡಿಸಿದ ಮೂತ್ರಪರೀಕ್ಷೆಯಲ್ಲಿ ಜಿಎಚ್‌ಬಿ ಸಿಕ್ಕಿತೆಂದು ಬರೆದಿದ್ದೀರಿ. ಅದು ಸುಮಾರು 12 ಗಂಟೆಗಳಲ್ಲೇ ಪರೀಕ್ಷೆಗೆ ಸಿಗದಂತಾಗುತ್ತದೆ. ವರದಿಯಲ್ಲಿ ಏನೂ ಇಲ್ಲವೆಂದು ಬರಲಿ, ಆ ಕಾಗದವನ್ನು ಹಿಡಿದು ಆಕೆ ಠಾಣೆಯ ಬೆಂಚಿನ ಮೇಲೆ ಕೂರಲಿ; ದೃಶ್ಯ ಇನ್ನೂ ಗಟ್ಟಿಯಾಗುತ್ತದೆ. ಕಥೆ 2025ರಲ್ಲಿ ನಡೆಯುವುದರಿಂದ ಇನ್‌ಸ್ಪೆಕ್ಟರ್ ಮತ್ತಿನ ಮದ್ದು ಕುಡಿಸಿದ ಅಪರಾಧಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 328ನೆಯ ಕಲಮು ಎನ್ನುವಂತಿಲ್ಲ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 123ನೆಯ ಕಲಮು, ಶಿಕ್ಷೆ ಹತ್ತು ವರ್ಷಗಳವರೆಗೆ.

ಕೊನೆಯ ಪುಟದಲ್ಲಿ ಆಕೆ ಪ್ರೇಕ್ಷಕರತ್ತ ತಿರುಗಿ, ಲೋಟವನ್ನು ಬಿಟ್ಟು ಏಳಬೇಡಿರೆಂದು ಹುಡುಗಿಯರಿಗೆ ಬುದ್ಧಿ ಹೇಳುವುದನ್ನು ಪೂರ್ತಿ ತೆಗೆಯಿರಿ. ಬೆರೆಸಿದವನ ತಪ್ಪು ಆ ಒಂದು ಮಾತಿನಿಂದ ಅವಳ ತಲೆಗೇ ಬರುತ್ತದೆ, ಅದೂ ಅವಳ ಬಾಯಿಂದಲೇ.

ತಿದ್ದಿದ ಪ್ರತಿಯನ್ನು ಓದಲು ಸಿದ್ಧನಿದ್ದೇನೆ. ರಸೀದಿ ಓದುವ ಭಾಗವನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ